ಜತ್ತದ ಮಕ್ಕಳಿಗೆ ಮರಾಠಿ ವ್ಯಂಜನ ಕಲಿಸುವ ಬಗೆ

ಸಾಂಗಲಿ ಜಿಲ್ಲೆಯ ಪೂರ್ವಕ್ಕಿರುವ ಜತ್ತ ತಾಲೂಕಿನ ಉಮದಿ, ಸಂಖದಂಥ ಊರುಗಳಲ್ಲಿ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಅಲ್ಲಿವೆ. ಅವುಗಳಿಗೆ ಪಠ್ಯಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. 2020ರ ಕಾಯ್ದೆಯಂತೆ ಮರಾಠಿ ಕಲಿಕೆ ಅಲ್ಲಿಯೂ ಕಡ್ಡಾಯ. ಮಕ್ಕಳು ಮರಾಠಿ ಕಲಿಯಲಿ. ಕಾಲೇಜು, ಕೆಲಸ, ದವಾಖಾನೆ ಎಂದು ಸಾಂಗಲಿ–ಮಿರಜದ ದಾರಿ ಹಿಡಿಯುವವರೇ ಅವರು. ನನ್ನ ತಕರಾರು ಉಚ್ಚಾರ ಕಲಿಸುವ ರೀತಿಯ ಮೇಲಿದೆ.

ಮರಾಠಿಯಲ್ಲಿ 'ಚ' ಅಕ್ಷರ ಒಂದೇ, ಧ್ವನಿ ಎರಡು. 'ಚಾರ್', 'ಚಹಾ' ಎನ್ನುವಾಗ ನಮ್ಮದೇ ಚಕಾರ. 'ಚಾಂಗಲಾ', 'ಚೋರ್', 'ಚೂಲ್' ಎನ್ನುವಾಗ ನಾಲಗೆಯ ತುದಿ ಹಲ್ಲಿನ ಹಿಂಬದಿಗೆ ಹೋಗಿ 'ತ್ಸ' ಹೊರಡುತ್ತದೆ. ಹುಣಸೆಗೆ ಹೇಳುವ 'ಚಿಂಚ'ದಲ್ಲಂತೂ ಮೊದಲನೆಯದು ಚ, ಎರಡನೆಯದು ತ್ಸ. ಜ, ಝಗಳದ್ದೂ ಇದೇ ಪಾಡು: 'ಮಾಝೀ'ಯ ಝ 'ಮಾಝಾ'ದಲ್ಲಿ ಬೇರೆಯೇ ಆಗುತ್ತದೆ. ಇ, ಏ ಸ್ವರಗಳ ಮುಂದೆ ಬಹುತೇಕ ನಮ್ಮ ಚಕಾರ. ಚಂದ್ರ, ಚರಣದಂಥ ಸಂಸ್ಕೃತ ಪದಗಳಲ್ಲೂ ಅದೇ. ಉಳಿದ ದೇಸಿ ಪದಗಳಲ್ಲಿ ಹೆಚ್ಚಾಗಿ ತ್ಸ. ಮುದ್ರಿತ ಮರಾಠಿಯಲ್ಲಿ ಸಾಮಾನ್ಯವಾಗಿ ಇದಕ್ಕೆ ಗುರುತೇ ಇಲ್ಲ. ಮರಾಠಿ ಮನೆಯ ಮಗುವಿಗೆ ಗುರುತು ಬೇಕಾಗಿಯೂ ಇಲ್ಲ, ಅದರ ಕಿವಿಯಲ್ಲಿ ಧ್ವನಿ ಮೊದಲೇ ಕೂತಿರುತ್ತದೆ. ಸಂಖದ ಮಗು ಮಾತ್ರ ಅಕ್ಷರವನ್ನೇ ನಂಬಿ ಓದಬೇಕು, ತಪ್ಪಬೇಕು, ಬೈಸಿಕೊಳ್ಳಬೇಕು.

ನಮ್ಮ ಶಾಲೆಗಳಲ್ಲಿ ರೂಢವಾದ ಉಪಾಯವೆಂದರೆ ಬಾರಾಖಡಿ ಒಪ್ಪಿಸುವುದು. ಇಡೀ ವರ್ಗ ಒಂದೇ ರಾಗದಲ್ಲಿ ಕೂಗುತ್ತದೆ. ನೆನಪಿಗೆ ಇದು ಒಳ್ಳೆಯದು, ಲಿಪಿ ಬೇಗ ಬರುತ್ತದೆ, ಉಚ್ಚಾರಕ್ಕೆ ನಿಷ್ಪ್ರಯೋಜಕ. ನಲವತ್ತು ದನಿಗಳ ನಡುವೆ ಒಂದು ಮಗು ಘಕಾರದ ಉಸಿರು ಬಿಟ್ಟಿತೋ ಇಲ್ಲವೋ ಯಾವ ಗುರುಗಳಿಗೆ ಕೇಳಿಸೀತು? ಕನ್ನಡದ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲ, ಅದರಿಂದ ಅರ್ಥಕ್ಕೆ ಕುಂದಿಲ್ಲ. ಮರಾಠಿಯಲ್ಲಿ ಹಾಗಲ್ಲ: 'ಘಾರ್' ಹದ್ದು, 'ಗಾರ್' ಆಲಿಕಲ್ಲು. ಈ ಜೋಡಿಗಳನ್ನು ಎದುರುಬದುರು ಇಟ್ಟು ಕೇಳಿಸದೆ, 'ಉಸಿರು ಬಿಟ್ಟು ಹೇಳೋ' ಎಂದು ಗದರಿದರೆ ಮಗು ಗಟ್ಟಿಯಾಗಿ ಕೂಗುತ್ತದೆ, ಅಷ್ಟೇ.

ನನಗೆ ಹೆಚ್ಚು ನೋವು ತರುವುದು ಬೇರೊಂದು ಸಂಗತಿ. ಬೇಕಾದ ಧ್ವನಿ ಈ ಮಕ್ಕಳ ಬಾಯಲ್ಲಿ ಆಗಲೇ ಇದೆ. 'ಉತ್ಸವ' ಎನ್ನುವ ಮಗುವಿಗೆ ತ್ಸ ಹೊಸದಲ್ಲ. 'ಉತ್ಸವ'ದ ಉ, ವ ಬಿಡಿಸಿ ನಡುವಿನದನ್ನು ಹಿಡಿ, ಅದಕ್ಕೆ 'ಓರ್' ಸೇರಿಸು ಎಂದರೆ ಮರಾಠಿಯ ಕಳ್ಳ ಸಿಕ್ಕೇಬಿಡುತ್ತಾನೆ. ಮಹಾಪ್ರಾಣಕ್ಕೆ ತುಟಿಯ ಮುಂದೊಂದು ತೆಳು ಕಾಗದದ ಚೂರು ಸಾಕು: 'ಫ'ಕ್ಕೆ ಹಾರುತ್ತದೆ, 'ಪ'ಕ್ಕೆ ನಿಲ್ಲುತ್ತದೆ, ಮಗು ತನ್ನ ತಪ್ಪನ್ನು ತಾನೇ ಕಾಣುತ್ತದೆ. ಮಿರಜದಲ್ಲಿ ತಂಬೂರಿಯ ಜವಾರಿ ಹಿಡಿಯುವವರು ಕುದುರೆಯನ್ನು ಚೂರು ಉಜ್ಜಿ, ತಂತಿ ಮೀಟಿ, ಕೇಳಿ, ಮತ್ತೆ ಉಜ್ಜುತ್ತಾರೆ. ವ್ಯಂಜನ ಕಲಿಸುವವರಿಗೂ ಅಂಥ ಕಿವಿ ಬೇಕು.

ಬಾಯಲ್ಲಿದ್ದುದನ್ನು ಬಿಟ್ಟು ದೂರದ ದಾರಿ ಹಿಡಿಯುವ ತಪ್ಪು ಮರಾಠಿ ಪಾಠದಲ್ಲಷ್ಟೇ ಇಲ್ಲ. ಫ್ರೆಂಚಿನ ತ, ದ ನಮ್ಮವುಗಳ ಹಾಗೆ ದಂತ್ಯ. ಪ, ಕಗಳಿಗೂ ಉಸಿರಿನ ಒತ್ತಿಲ್ಲ. ಕನ್ನಡದ ಮಗುವಿಗೆ ಅವು ಬಂದಂತೆಯೇ. ಆದರೆ ಇಂಗ್ಲಿಷಿನ ಮೂಲಕ ಫ್ರೆಂಚ್ ಹೇಳಿಕೊಟ್ಟಾಗ ರೋಮನ್ ಅಕ್ಷರ ನೋಡಿ 'ಟ', 'ಡ' ಎಂದುಬಿಡುತ್ತದೆ. ನಿಜವಾದ ಕಷ್ಟ ಗಂಟಲಲ್ಲಿ ಹೊರಡುವ ರಕಾರದ್ದು. ಶ್ರಮ ಪಡಬೇಕಾದ್ದು ಅಲ್ಲಿ.

ತೆಲುಗಿನಲ್ಲಿ ಇಂಥದೇ ತ್ಸ, ದ್ಜ಼ ಧ್ವನಿಗಳಿವೆ. ಅವುಗಳನ್ನು ತೋರಿಸಲು ಚ, ಜಗಳ ಮೇಲೆ ಗುರುತು ಹಾಕುವ ಪದ್ಧತಿಯೂ ಅಲ್ಲುಂಟು. ದೇವನಾಗರಿಯಲ್ಲಿ ಅಕ್ಷರದಡಿಯ ಚುಕ್ಕೆ ಆ ಕೆಲಸ ಮಾಡಬಲ್ಲದು. ಕನ್ನಡ ಮಾಧ್ಯಮದ ಮಕ್ಕಳು ಓದುವ ಮರಾಠಿ ಪುಸ್ತಕದಲ್ಲಿ, ಮೊದಲ ಎರಡು ವರ್ಷಗಳ ಮಟ್ಟಿಗಾದರೂ, ಆ ಚುಕ್ಕೆ ಬರಲಿ. ಗುರುಗಳು ಒಪ್ಪಿಸುವ ಹೊತ್ತನ್ನು ಅರ್ಧಕ್ಕಿಳಿಸಿ ಉಳಿದರ್ಧದಲ್ಲಿ ಒಂದೊಂದೇ ಮಗುವಿನ ದನಿ ಕೇಳಲಿ. ತರಗತಿಯಲ್ಲಿ ಉಚ್ಚಾರಕ್ಕಾಗಿ ನಗುವುದನ್ನು ಇವತ್ತೇ ನಿಲ್ಲಿಸಲಿ. ಬಾಲಭಾರತಿಗೆ ನನ್ನ ಬೇಡಿಕೆ ಇಷ್ಟೇ: ಮುಂದಿನ ಮುದ್ರಣದಲ್ಲಿ ಆ ಚುಕ್ಕೆ ಹಾಕಿ.