ಆಕರ್ಷಣೆಯೂ ಧಾರಣೆಯೂ: ಆಕ್ಸೈಡ್ ತೆಳುಪದರಗಳ ಕಾಂತಗುಣ — ಒಂದು ವಿಮರ್ಶೆ

ಕಾಂತವಸ್ತುವಿಗೆ ಕನ್ನಡದಲ್ಲಿ ಎರಡು ಹೆಸರುಗಳು ರೂಢಿಯಲ್ಲಿವೆ. ಸಂಸ್ಕೃತದಿಂದ ಬಂದ ‘ಅಯಸ್ಕಾಂತ’ವೆಂದರೆ ಕಬ್ಬಿಣಕ್ಕೆ ಪ್ರಿಯವಾದುದು, ‘ಸೂಜಿಗಲ್ಲು’ ಎಂದರೆ ಸೂಜಿಯನ್ನು ಸೆಳೆಯುವ ಕಲ್ಲು. ಸೂಜಿಯು ಮಣಿಯ ಕಡೆಗೆ ಸರಿಯುವುದಕ್ಕೆ ವೈಶೇಷಿಕ ಸೂತ್ರಕಾರನು ‘ಅದೃಷ್ಟ’ವನ್ನು ಕಾರಣವಾಗಿ ಹೇಳಿದನು. ಉಮೆಯ ರೂಪವು ಶಿವನ ಮನಸ್ಸನ್ನು ಸೆಳೆಯಬೇಕೆಂಬುದಕ್ಕೆ ಕಾಳಿದಾಸನು ಕುಮಾರಸಂಭವದಲ್ಲಿ ಈ ಕಲ್ಲನ್ನೇ ಉಪಮಾನವಾಗಿ ತಂದನು. ಹೆಸರು, ಸೂತ್ರ, ಉಪಮೆ ಮೂರೂ ಹೇಳುವುದು ಒಂದೇ ಗುಣವನ್ನು, ಅದು ಆಕರ್ಷಣೆ. ಆದರೆ ಗಣಕಯಂತ್ರದ ಸ್ಮೃತಿಗೆ ಬೇಕಾದುದು ಆಕರ್ಷಣೆಯಲ್ಲ, ಧಾರಣೆ. ಆಕ್ಸೈಡ್ ತೆಳುಪದರಗಳ ಕಾಂತಗುಣವನ್ನು ಕುರಿತ ಬರಹಗಳನ್ನು ಬೆಲೆಕಟ್ಟುವಾಗ ಈ ಭೇದವನ್ನು ಮರೆತರೆ ದೊಡ್ಡ ಮಾತಿಗೂ ನಿಜವಾದ ಸಾಧನೆಗೂ ಇರುವ ಅಂತರವೇ ಕಾಣದಂತಾಗುತ್ತದೆ.

ಈ ಭೇದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಮಾತಿಲ್ಲವೆಂದಲ್ಲ. ಅನ್ನಂಭಟ್ಟನ ತರ್ಕಸಂಗ್ರಹವು ಸಂಸ್ಕಾರವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಬಗ್ಗಿಸಿದ ಬೆತ್ತವನ್ನು ಹಿಂದಿನ ನಿಲವಿಗೆ ತರುವುದು ಸ್ಥಿತಿಸ್ಥಾಪಕ. ಆಗಿಹೋದ ಅನುಭವದ ಮುದ್ರೆಯನ್ನು ಉಳಿಸಿಕೊಂಡು ಸ್ಮೃತಿಗೆ ಕಾರಣವಾಗುವುದು ಭಾವನೆ. ನೈಯಾಯಿಕರ ಮತದಲ್ಲಿ ಭಾವನೆಯು ಆತ್ಮಕ್ಕೆ ಮಾತ್ರ ಸಲ್ಲುವ ಗುಣವಾದುದರಿಂದ ಅದನ್ನು ಜಡವಸ್ತುವಿಗೆ ಹೇಳುವುದು ಉಪಚಾರದ ಮಾತಷ್ಟೆ. ಆದರೂ ಲಕ್ಷಣವು ಸ್ಪಷ್ಟವಾಗುತ್ತದೆ. ಕಾಂತಕ್ಷೇತ್ರವನ್ನು ತೆಗೆದೊಡನೆ ಹಿಂದಿನ ಸ್ಥಿತಿಗೆ ಮರಳುವ ವಸ್ತು ಎಷ್ಟೇ ಬಲವಾಗಿ ಸೆಳೆಯಲ್ಪಟ್ಟರೂ ಸ್ಮೃತಿಗೆ ಒದಗದು. ಹಾಗೆ ಮರಳದೆ ನಿಲ್ಲುವುದೇ ಒದಗುವುದು.

ಈ ಲಕ್ಷಣಕ್ಕೆ ಉತ್ತಮ ಲಕ್ಷ್ಯವಾದುದು ಫೆರೈಟ್ ಉಂಗುರ. ಕಬ್ಬಿಣದ ಆಕ್ಸೈಡನ್ನು ಇತರ ಲೋಹಗಳ ಆಕ್ಸೈಡುಗಳೊಡನೆ ಬೆರೆಸಿ ಸುಟ್ಟು ಮಾಡುವ ಈ ಪುಟ್ಟ ಉಂಗುರಗಳನ್ನು ತಂತಿಗಳ ಬಲೆಯಲ್ಲಿ ಪೋಣಿಸಿ ಸ್ಮೃತಿಕೋಶವಾಗಿಸುವ ಕ್ರಮವು 1950ರ ದಶಕದಲ್ಲಿ ಅಮೆರಿಕದಲ್ಲಿ ನೆಲೆಗೊಂಡಿತು. ಮದರಾಸಿನಲ್ಲಿ ಹುಟ್ಟಿದ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಮುಂಬಯಿಯ ಟಾಟಾ ಸಂಶೋಧನಸಂಸ್ಥೆ ನಿರ್ಮಿಸಿದ ‘ಟಿಫ್ರಾಕ್’ ಯಂತ್ರದ ಸ್ಮೃತಿಯೂ ಇಂತಹ ಉಂಗುರಗಳದೇ. ತಲಾ 40 ಅಂಕಗಳ 2,048 ಪದಗಳಿಗೆ ಅದರಲ್ಲಿ ಎಡೆಯಿತ್ತು. ಅಂಕಕ್ಕೆ ಒಂದರಂತೆ ಲೆಕ್ಕವಿಟ್ಟರೂ ಉಂಗುರಗಳು 80,000ಕ್ಕೆ ಮಿಕ್ಕುತ್ತವೆ. 1959ರಲ್ಲಿ ಸ್ಥಾಪಿತವಾದ ಮದರಾಸಿನ ಐ.ಐ.ಟಿ.ಗೆ ಜರ್ಮನಿಯ ನೆರವಿನಿಂದ 1973ರಲ್ಲಿ ಬಂದ ಐ.ಬಿ.ಎಂ. 370/155 ಯಂತ್ರದ ಮುಖ್ಯ ಸ್ಮೃತಿಯೂ ಈ ಜಾತಿಯದೇ. ಈ ನಗರದ ಒಂದು ತಲೆಮಾರಿನ ಎಂಜಿನಿಯರುಗಳ ಲೆಕ್ಕಗಳನ್ನು ಹೊತ್ತುದು ಆಕ್ಸೈಡಿನ ಧಾರಣಶಕ್ತಿ.

ಉಂಗುರದ ಗುಣವು ಅದರ ನಿರಾಕರಣೆಯಲ್ಲಿದೆ. ಒಂದು ಉಂಗುರವನ್ನು ಆರಿಸಬೇಕಾದರೆ ಅಡ್ಡತಂತಿಯಲ್ಲಿ ಅರ್ಧ, ಉದ್ದತಂತಿಯಲ್ಲಿ ಅರ್ಧ ವಿದ್ಯುತ್ತನ್ನು ಹರಿಸುತ್ತಾರೆ. ಎರಡೂ ಕೂಡುವೆಡೆಯ ಉಂಗುರ ಮಾತ್ರ ಮಗುಚಿಕೊಳ್ಳುತ್ತದೆ. ಅರ್ಧವನ್ನಷ್ಟೇ ಪಡೆದ ಉಳಿದವು ಅಲುಗಬಾರದು. ಅರೆಪ್ರೇರಣೆಗೆ ಮಣಿಯದಿರುವುದು, ಪೂರ್ಣಪ್ರೇರಣೆಗೆ ಪೂರ್ಣವಾಗಿ ಮಣಿಯುವುದು, ಮಣಿದ ಮೇಲೆ ಹಾಗೆಯೇ ನಿಲ್ಲುವುದು — ಇವು ಮೂರೂ ಕೂಡಿದರೆ ಸ್ಮೃತಿ. ಇದರಿಂದ ವಿಮರ್ಶೆಗೆ ಮೂರು ಪ್ರಶ್ನೆಗಳು ದೊರೆಯುತ್ತವೆ. ಕ್ಷೇತ್ರ ತೊಲಗಿದ ಮೇಲೆ ಉಳಿಯುವ ಕಾಂತತ್ವವೆಷ್ಟು? ಅದನ್ನು ಅಳಿಸಲು ಬೇಕಾದ ವಿರುದ್ಧ ಕ್ಷೇತ್ರವೆಷ್ಟು? ಅಳೆದ ಕಾಂತತ್ವವು ಆ ವಸ್ತುವಿನದೇ ಹೌದೆ?

ಉಂಗುರದಿಂದ ತೆಳುಪದರಕ್ಕೆ ಸಾಗಿದ ಕಾರಣ ಸರಳ. ಉಂಗುರಗಳನ್ನು ಕೈಯಿಂದ ಪೋಣಿಸಬೇಕಾಗಿತ್ತು. ಪದರವನ್ನಾದರೆ ಒಮ್ಮೆಗೇ ಹಾಸಬಹುದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪುಗೊಂಡ ‘ಕಾಂತಗುಳ್ಳೆ’ಯ ಸ್ಮೃತಿಯಲ್ಲಿ ಗಾರ್ನೆಟ್ ಎಂಬ ಆಕ್ಸೈಡಿನ ಪದರದೊಳಗೆ ಸೂಕ್ಷ್ಮ ಕಾಂತವಲಯಗಳು ಸಾಲಾಗಿ ಚಲಿಸುತ್ತಿದ್ದವು. ಅದು ಮೂರು ಪ್ರಶ್ನೆಗಳಿಗೂ ಉತ್ತರ ಕೊಟ್ಟಿತು. 1980ರ ದಶಕದಲ್ಲಿ ಅದು ಹಿಂದೆಬಿದ್ದುದು ವೇಗ ಮತ್ತು ಬೆಲೆಗಳ ಪೈಪೋಟಿಯಿಂದ, ಧಾರಣೆಯ ಕೊರತೆಯಿಂದಲ್ಲ.

ಮುಂದಿನ ಘಟ್ಟ ಹೀಗಲ್ಲ. ಸತುವಿನ ಆಕ್ಸೈಡಿಗೆ ಮ್ಯಾಂಗನೀಸನ್ನು ಬೆರೆಸಿದರೆ ಅದು ಸಾಮಾನ್ಯ ಉಷ್ಣತೆಯಲ್ಲಿಯೇ ಕಾಂತೀಯವಾಗಬಹುದೆಂದು 2000ದಲ್ಲಿ ಒಂದು ಸೈದ್ಧಾಂತಿಕ ಲೆಕ್ಕ ಸೂಚಿಸಿತು. ಅರೆವಾಹಕವೂ ಕಾಂತವೂ ಒಂದೇ ವಸ್ತುವಾದರೆ ಗಣನೆ ಮತ್ತು ಸ್ಮೃತಿ ಒಂದೇ ಮನೆಯಲ್ಲಿ ವಾಸಿಸಬಲ್ಲವೆಂಬ ಆಸೆಯಿಂದ ದೇಶದೇಶಗಳ ಪ್ರಯೋಗಶಾಲೆಗಳು ಇಂತಹ ಪದರಗಳನ್ನು ಹಾಸತೊಡಗಿದವು. ಆಸೆ ಅಯುಕ್ತವಲ್ಲ, ಅಯುಕ್ತವಾದುದು ಅವಸರ. ಅರ್ಧ ಮಿಲಿಮೀಟರು ದಪ್ಪದ ಆಧಾರದ ಮೇಲೆ 100 ನ್ಯಾನೊಮೀಟರು ಪದರವನ್ನು ಹಾಸಿದರೆ ಆಧಾರವು ಪದರಕ್ಕಿಂತ 5,000 ಪಟ್ಟು ದಪ್ಪ. ಅಷ್ಟು ಸಣ್ಣ ಪದರದಿಂದ ಬರುವ ಸಂಕೇತ ಬಲು ಕ್ಷೀಣ. ಒಂದು ಗ್ರಾಮಿನ 2 ಕೋಟಿಯಲ್ಲೊಂದು ಪಾಲಿನಷ್ಟು ಕಬ್ಬಿಣದ ಕೊಳೆಯೂ ಅದನ್ನು ಅನುಕರಿಸಬಲ್ಲುದು.

ಇದು ಕೇವಲ ಶಂಕೆಯಲ್ಲ. ಹಾಫ್ನಿಯಂ ಆಕ್ಸೈಡಿನ ಪದರದಲ್ಲಿ ಅನಿರೀಕ್ಷಿತ ಕಾಂತತ್ವ ಕಂಡಿತೆಂದು 2004ರಲ್ಲಿ ಡಬ್ಲಿನ್ನಿನ ಸಂಶೋಧಕರು ಪ್ರಕಟಿಸಿದರು. ಶುಚಿಯಾಗಿ ಇಟ್ಟ ಪದರಗಳಲ್ಲಿ ಅದು ಇಲ್ಲವೆಂದೂ, ಉಕ್ಕಿನ ಚಿಮಟದಿಂದ ಹಿಡಿದರೆ ಅಂತಹ ಸಂಕೇತ ಹುಟ್ಟುವುದೆಂದೂ 2005ರಲ್ಲಿ ಐ.ಬಿ.ಎಂ. ಸಂಶೋಧಕರು ತೋರಿಸಿದರು. ಮೂರನೆಯ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಬೆಂಗಳೂರಿನಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್ ಅವರ ಎರಡು ಪ್ರಬಂಧಗಳು ಇಲ್ಲಿ ವಿಶೇಷವಾಗಿ ಪರಿಶೀಲನಾರ್ಹ. ಮ್ಯಾಂಗನೀಸ್, ಕೋಬಾಲ್ಟುಗಳನ್ನು ಬೆರೆಸಿದ ಸತುವಿನ ಆಕ್ಸೈಡಿನಲ್ಲಿ ಫೆರೊಕಾಂತತ್ವ ಇಲ್ಲವೆಂದು 2005ರಲ್ಲಿ ಅವರೂ ಅವರ ಸಹೋದ್ಯೋಗಿಯೂ ನೇರವಾಗಿ ಹೇಳಿದರು. ಇಡಿಯ ಜಗತ್ತು ‘ಉಂಟು’ ಎನ್ನುತ್ತಿದ್ದಾಗ ‘ಇಲ್ಲ’ ಎಂದು ಪ್ರಕಟಿಸುವುದು ಸಣ್ಣ ಧೈರ್ಯವಲ್ಲ. ಮರುವರ್ಷ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಎ. ಸುಂದರೇಶನ್ ಮೊದಲಾದವರೊಡನೆ ಬರೆದ ಪ್ರಬಂಧದಲ್ಲಿ, ಕಾಂತೀಯವಲ್ಲದ ಆಕ್ಸೈಡುಗಳೂ 7ರಿಂದ 30 ನ್ಯಾನೊಮೀಟರುಗಳ ಕಣಗಳಾದಾಗ ಫೆರೊಕಾಂತತ್ವವನ್ನು ತೋರುವುವೆಂದೂ, ಮೇಲ್ಮೈಯಲ್ಲಿ ಆಕ್ಸಿಜನ್ ತೆರವಾದ ಎಡೆಗಳು ಕಾರಣವಿರಬಹುದೆಂದೂ ಪ್ರತಿಪಾದಿಸಿದರು. ಇವೆರಡು ಪರಸ್ಪರವಿರುದ್ಧವೆಂದು ತೋರಿದರೂ ಹಾಗಲ್ಲ: ಮೊದಲನೆಯದು ಬೆರೆಸಿದ ಪರಮಾಣುಗಳನ್ನು ಕುರಿತುದು, ಎರಡನೆಯದು ಮೇಲ್ಮೈಯನ್ನು ಕುರಿತುದು. ಆದರೆ ಶೀರ್ಷಿಕೆಯಲ್ಲಿಯೇ ‘ಸಾರ್ವತ್ರಿಕ’ವೆಂದ ಎರಡನೆಯ ಮಾತು ಹೆಚ್ಚಿನ ಭಾರವನ್ನು ಹೊರಬೇಕಾಗುತ್ತದೆ. ಅದನ್ನು ಪೂರ್ಣವಾಗಿ ಒಪ್ಪಿದರೂ, ಕಂಡ ಕಾಂತತ್ವವು ಅತ್ಯಲ್ಪ. ದ್ರವ್ಯದ ಸ್ವಭಾವವನ್ನು ಅರಿಯುವವನಿಗೆ ಅದು ಬೆಲೆಯುಳ್ಳ ಸಂಗತಿ. ಅದನ್ನು ಸ್ಮೃತಿಯ ಹಾದಿಯೆಂದು ಹೊಗಳುವ ವ್ಯಾಖ್ಯಾನಕಾರನು ಆಕರ್ಷಣೆಯನ್ನು ಧಾರಣೆಯೆಂದು ಭ್ರಮಿಸಿದವನು.

ಈ ಕಥೆಯ ತಿರುವು ಇನ್ನೊಂದೆಡೆಯಲ್ಲಿದೆ. 2004ರಲ್ಲಿ ಅಮೆರಿಕದ ಪಾರ್ಕಿನ್, ಜಪಾನಿನ ಯುಆಸಾ ಇವರ ತಂಡಗಳು ಬೇರೆಬೇರೆಯಾಗಿ ಎರಡು ಕಾಂತಲೋಹಗಳ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಕೆಲವೇ ನ್ಯಾನೊಮೀಟರುಗಳ ಪದರವನ್ನಿರಿಸಿದವು. ಲೋಹಗಳ ಕಾಂತದಿಕ್ಕು ಒಂದೇ ಆಗಿದ್ದಾಗಿಗಿಂತ ಎದುರಾದಾಗ ವಿದ್ಯುತ್ತಿಗೆ ಬರುವ ತಡೆ ಶೇಕಡಾ 180–220ರಷ್ಟು ಹೆಚ್ಚಿತು. ಇಂದಿನ ಕಾಂತಸ್ಮೃತಿಯ ಚಿಪ್ಪುಗಳು ಈ ತತ್ತ್ವದ ಮೇಲೆಯೇ ನಿಂತಿವೆ. ಇಲ್ಲಿ ಧಾರಣೆ ಲೋಹದ್ದು. ಆಕ್ಸೈಡು ತಾನು ಕಾಂತವಲ್ಲ. ಧರಿಸಿದುದನ್ನು ಓದಿ ಹೇಳುವ ಕೆಲಸ ಮಾತ್ರ ಅದರದು. ತಾನೇ ಕಾಂತವೆಂದು ಸಾಧಿಸಲು ಹೊರಟ ಆಕ್ಸೈಡು ಸಂದೇಹದಲ್ಲಿ ಉಳಿಯಿತು; ಕಾಂತವಲ್ಲವೆಂದು ಒಪ್ಪಿಕೊಂಡ ಆಕ್ಸೈಡು ಸಾರ್ಥಕವಾಯಿತು.

ಕೊನೆಗೆ ಪದದ ವಿಚಾರ. ಪ್ರೇರಣೆ ಹಿಂದೆಗೆದರೂ ಕಾಂತತ್ವವು ಹಿಂದುಳಿಯುವ ಗುಣಕ್ಕೆ 1880ರ ದಶಕದ ಆರಂಭದಲ್ಲಿ ಯೂಯಿಂಗನು ‘ಹಿಂದೆಬೀಳುವಿಕೆ’ ಎಂಬರ್ಥದ ಗ್ರೀಕ್ ಮೂಲದಿಂದ ‘ಹಿಸ್ಟೆರಿಸಿಸ್’ ಎಂಬ ಹೆಸರನ್ನು ಕಟ್ಟಿದನು. ಹಿಂದಿಯವರು ‘ಶೈಥಿಲ್ಯ’ವೆಂದರು, ಸ್ಮೃತಿಗೆ ಬೇಕಾದುದು ಸಡಿಲವಲ್ಲ, ಬಿಗಿ. ಕನ್ನಡದಲ್ಲಿ ‘ವಿಲಂಬನ’ವೆಂದರೆ ತಡವಾದುದು ತಿಳಿಯುತ್ತದೆ, ಉಳಿದುದು ತಿಳಿಯದು. ‘ಕಾಂತಧಾರಣೆ’ ಎಂದರೆ ಗುಣವೂ ಉಪಯೋಗವೂ ಒಟ್ಟಿಗೆ ಹೊಳೆಯುತ್ತವೆ. ಕಿಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯದಿಂದ 1968–71ರಲ್ಲಿ ಹೊರತಂದ ಸ್ವಲ್ಪ ಕಾಲದಲ್ಲಿಯೇ ಇದೇ ನಗರಕ್ಕೆ ಫೆರೈಟ್ ಉಂಗುರಗಳ ಯಂತ್ರವೂ ಬಂದಿತು. ಒಂದು ಮಾತನ್ನು ಧರಿಸಿತು, ಇನ್ನೊಂದು ಅಂಕವನ್ನು. ಹೊರನಾಡಿನಲ್ಲಿ ನೆಲಸಿದ ಕನ್ನಡಿಗ ವಿದ್ವಾಂಸರು ವಿಜ್ಞಾನಕ್ಕೆ ಪದಗಳನ್ನು ಆರಿಸುವಾಗ ಸೆಳೆಯುವ ಪದಕ್ಕಿಂತ ಅರ್ಥವನ್ನು ಹಿಡಿದು ನಿಲ್ಲುವ ಪದವನ್ನು ಆರಿಸುವುದು ಯುಕ್ತ.