ಬೀಸುವ ಪದಗಳ ಸಾಂತ್ವನ ಮತ್ತು ಅದರ ಮಿತಿ

ಉತ್ತರ ಕರ್ನಾಟಕದ ಹೆಂಗಸರು ನಸುಕಿನಲ್ಲಿ ಜೋಳ ಬೀಸುತ್ತ ಹಾಡಿಕೊಂಡು ಬಂದ ತ್ರಿಪದಿಗಳನ್ನು ಕನ್ನಡದ ಓದುಗವರ್ಗ ಬಹುಕಾಲದಿಂದ ಸಹನೆಯ ಕಾವ್ಯವೆಂದೇ ಗೌರವಿಸಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರ ಗೆಳೆಯರ ಬಳಗ 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ, ಓದುಬರಹ ಬಾರದ ಹೆಂಗಸರ ಬಾಯಲ್ಲೂ ಕಾವ್ಯವಿದೆಯೆಂದು ವಿದ್ಯಾವಂತರಿಗೆ ತೋರಿಸಿಕೊಟ್ಟದ್ದು ಸಣ್ಣ ಕೆಲಸವಲ್ಲ. ಆದರೆ ಆ ಸಂಕಲನದ ಸುತ್ತ ಬೆಳೆದ ಮೆಚ್ಚುಗೆಯು ಹಾಡಿನ ಸಾಂತ್ವನಕ್ಕೆ ಹೆಣ್ಣಿನ ತಾಳ್ಮೆಯೇ ಮೂಲವೆಂದು ಭಾವಿಸಿದ್ದರಿಂದ, ಆ ಸಾಂತ್ವನ ನಿಜವಾಗಿ ಹುಟ್ಟುತ್ತಿದ್ದ ಜಾಗ, ಅಂದರೆ ದುಡಿಮೆಯ ಏರ್ಪಾಡು ಮತ್ತು ಎದುರಿಗೆ ಕೂತ ಜೊತೆಗಾತಿ, ಕಣ್ಮರೆಯಾಯಿತು.

ಬೀಸುವ ಕೆಲಸದ ಸ್ವರೂಪವನ್ನು ಅರಿಯದೆ ಈ ಪದಗಳಿಗೆ ಬೆಲೆ ಕಟ್ಟಲಾಗದು. ಜೋಳದ ಹಿಟ್ಟನ್ನು ಬಹಳ ದಿನ ಇಟ್ಟರೆ ಕಹಿಯಾಗುವುದರಿಂದ ರೊಟ್ಟಿಗೆ ಬೇಕಾದಷ್ಟನ್ನು ಆಗಾಗ ಬೀಸಿಕೊಳ್ಳಲೇಬೇಕಾಗಿತ್ತು; ಹಗಲೆಲ್ಲ ಹೊಲ, ಬಾವಿ, ಒಲೆ, ದನಕರುಗಳಲ್ಲಿ ಕಳೆದುಹೋಗುತ್ತಿದ್ದುದರಿಂದ ಅದಕ್ಕೆ ಉಳಿಯುತ್ತಿದ್ದುದು ಕೋಳಿ ಕೂಗುವ ಹೊತ್ತೇ. ಕಲ್ಲಿನ ಆಚೆ ಈಚೆ ಇಬ್ಬರು ಕಾಲು ಚಾಚಿ ಕೂತು, ಒಂದೇ ಗೂಟವನ್ನು ಹಿಡಿದು ತಿರುಗಿಸುತ್ತಿದ್ದರೆ, ಅವರಲ್ಲೊಬ್ಬಳು ತಿರುಗಣೆ ನಿಲ್ಲದ ಹಾಗೆ ಬಿಡುಗೈಯಿಂದ ಕಲ್ಲಿನ ಬಾಯಿಗೆ ಹಿಡಿ ಹಿಡಿ ಕಾಳು ಸುರಿಯುತ್ತಾಳೆ. ತ್ರಿಪದಿ ಈ ದುಡಿಮೆಗೆ ಹೇಳಿ ಮಾಡಿಸಿದಂತಿದೆ. ಅದು ಮೂರು ಸಾಲಿನ ಅಂಶಗಣದ ಛಂದಸ್ಸು; ಎಂದರೆ ಅಕ್ಷರಗಳನ್ನು ಬೇಕಾದಲ್ಲಿ ಎಳೆದು, ಬೇಕಾದಲ್ಲಿ ಕುಗ್ಗಿಸಿ ಹಾಡಲು ಎಡೆಯಿರುವ ಬಗೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದಾದ ಈ ರೂಪ ಶಾಸನಕವಿಗಿಂತಲೂ ಬೀಸುವವಳ ಕೈಯಲ್ಲೇ ಹೆಚ್ಚು ಬಾಳಿತೆಂದರೆ ತಪ್ಪಾಗದು. ಹಾಡುವಾಗ ಎರಡನೆಯ ಸಾಲಿನ ಭಾಗವೊಂದು ಮರಳಿ ಬರುವುದರಿಂದ ಮುಂದಿನ ಮಾತನ್ನು ನೆನೆಯಲು ಬಿಡುವು ಸಿಗುತ್ತದೆ. ಒಂದೊಂದು ಪದವೂ ತನ್ನಲ್ಲೇ ಪೂರ್ಣವಾಗಿರುವುದರಿಂದ, ಕೂಸು ಅತ್ತರೆ ಎದ್ದು ಹೋಗಿ ಬಂದವಳು ಎಲ್ಲಿಂದ ಬೇಕಾದರೂ ಮತ್ತೆ ಎತ್ತಿಕೊಳ್ಳಬಹುದು. ಹೊತ್ತನ್ನು ತುಣುಕು ತುಣುಕಾಗಿಯೇ ಪಡೆಯುತ್ತಿದ್ದವರಿಗೆ ಈ ಅನುಕೂಲ ಕಡಿಮೆಯದಲ್ಲ.

ಇದಕ್ಕಿಂತ ಮುಖ್ಯವಾದದ್ದು, ಈ ಪದಗಳು ಒದಗಿಸುವ ಮರೆ. ದೇವರನ್ನೂ ಕಲ್ಲನ್ನೂ ನೆನೆದು ಆರಂಭಿಸಿದ ಹಾಡು ತವರಿನ ಹಂಬಲಕ್ಕೆ, ಪಂಚಮಿಗೆ ಕರೆಯಬರುವ ಅಣ್ಣನ ನಿರೀಕ್ಷೆಗೆ, ಮಕ್ಕಳಿಲ್ಲದವಳ ಸಂಕಟಕ್ಕೆ, ಸವತಿಯ ಮೇಲಿನ ಸಿಟ್ಟಿಗೆ, ಅತ್ತೆಯ ಬಿರುಸಿಗೆ ತಿರುಗಿಕೊಳ್ಳುತ್ತದೆ. ಗೋಡೆಯಾಚೆ ಮಲಗಿದ ಅತ್ತೆಗೆ ಎಲ್ಲವೂ ಕೇಳಿಸುತ್ತದೆ. ಆದರೆ ಆಡಿದ್ದು ಸೊಸೆಯ ಮಾತಲ್ಲ, ಹಿಂದೆ ಯಾರೋ ಕಟ್ಟಿದ ಪದ, ಅತ್ತೆಯೂ ತನ್ನ ಸೊಸೆತನದಲ್ಲಿ ಹಾಡಿದ ಪದ. ಆದ್ದರಿಂದ ಅದಕ್ಕೆ ಜಗಳ ತೆಗೆಯುವ ಹಾಗಿಲ್ಲ. ಸಾಂಪ್ರದಾಯಿಕ ಸಾಲಿನ ಮರೆಯಲ್ಲಿ ನಿಂತು ಸ್ವಂತದ ನೋವನ್ನು ಹೊರಹಾಕುವ ಈ ಜಾಣ್ಮೆಯನ್ನು ಸಹನೆಯೆಂದು ಕರೆಯುವುದು ಅದರ ಚುರುಕನ್ನು ಮೊಂಡು ಮಾಡಿದಂತೆ. ಎದುರಿಗೆ ಕೂತ ನೆಗೆಣ್ಣಿಯೋ ನೆರೆಮನೆಯವಳೋ ಆ ಸಾಲಿಗೆ ದನಿಗೂಡಿಸಿದಾಗ, ಅಥವಾ ಅದಕ್ಕೆ ಸರಿಸಮನಾದ ಇನ್ನೊಂದು ಪದ ಎತ್ತಿದಾಗ, ಒಬ್ಬಳ ಗುಟ್ಟಿನ ದುಃಖ ಇಬ್ಬರ ತಿಳಿವಿಗೆ ಬರುತ್ತದೆ. ಪರಿಹಾರ ಸಿಗದಿದ್ದರೂ ಸಾಕ್ಷಿ ಸಿಗುತ್ತದೆ. ಮನಸ್ಸಿನ ಆರೋಗ್ಯವನ್ನು ಕುರಿತು ಇಂದು ಆಡುವ ಮಾತುಗಳಲ್ಲಿ ‘ಹೇಳಿಕೊಳ್ಳುವುದು’ ಎಂಬುದಕ್ಕೆ ಇರುವ ಬೆಲೆಯನ್ನು ಬೀಸುಕಲ್ಲಿನ ಈ ಜೋಡಿ ಸಿದ್ಧಾಂತವಿಲ್ಲದೆಯೇ ಬಲ್ಲದು.

ಹಾಗೆಂದು ಈ ಹಾಡು ಎಲ್ಲ ಕಷ್ಟಕ್ಕೂ ಮದ್ದೆಂದು ಹೊಗಳುವುದು ಸಲ್ಲದು. 1876ರಿಂದ 1878ರವರೆಗೆ ಬಿಜಾಪುರದ ಸೀಮೆಯನ್ನು ಕಾಡಿದಂಥ ಭೀಕರ ಬರದಲ್ಲಿ ಬೀಸಲು ಕಾಳೇ ಇಲ್ಲವಾದ ಮೇಲೆ ಬೀಸುವ ಪದಕ್ಕೆ ನೆಲೆಯೆಲ್ಲಿ? ಮನೆಯಲ್ಲಿ ಧಾನ್ಯವಿರುವಷ್ಟು ಕಾಲ ಮಾತ್ರ ಇದು ಹಾಡಾಗಿ ನಡೆಯುತ್ತದೆಂಬುದನ್ನು ಮರೆತು, ಹೆಣ್ಣಿನ ಅಳಿಯದ ಚೈತನ್ಯ ಎಂಬಂತಹ ಮಾತುಗಳನ್ನು ಧಾರಾಳವಾಗಿ ಬಳಸುವ ಲೇಖನಗಳು ಕಡಿಮೆಯಿಲ್ಲ. ಇನ್ನೊಂದು ಇಕ್ಕಟ್ಟೂ ಇದೆ: ಹಾಡು ದಣಿವನ್ನು ಮರೆಸುತ್ತದೆ, ದಣಿವು ಮರೆತವಳು ಇನ್ನಷ್ಟು ಬೀಸುತ್ತಾಳೆ, ಹಿಟ್ಟು ಮನೆಯವರೆಲ್ಲರ ಪಾಲಾಗುತ್ತದೆ. ಅತ್ತೆಯ ಮನೆಯ ಕಟ್ಟುಪಾಡನ್ನು ದೂರುವ ಪದವೇ ಆ ಮನೆಯ ಕೆಲಸವನ್ನು ಸಾಗಿಸಿಕೊಡುತ್ತದೆ.

ಸಂಗ್ರಹಕಾರರ ಆಯ್ಕೆಗಳನ್ನೂ ಈ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಪತಿವ್ರತೆ, ಮನೆಯೊಡತಿ ಎಂಬ ಅರ್ಥಗಳನ್ನು ಹೊತ್ತ ‘ಗರತಿ’ ಶೀರ್ಷಿಕೆಯಾದಾಗ ಹಾಡುವವಳ ಶೀಲವೇ ಹಾಡಿನ ಅರ್ಹತೆಯೆಂಬ ಸೂಚನೆ ಬರುತ್ತದೆ. ರಾಷ್ಟ್ರೀಯ ಎಚ್ಚರದ ಆ ದಶಕದಲ್ಲಿ ಇದು ಅಚ್ಚರಿಯೇನಲ್ಲ. ಹೆಚ್ಚಿನ ಕೊರತೆಯೆಂದರೆ, ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಜನಪದ ಸಂಗ್ರಹಗಳಲ್ಲಿ ಬಹುಮಟ್ಟಿಗೆ ಹಾಡಿದವಳು ಹೆಸರಿಲ್ಲದ ‘ಜನಪದ’ವಾಗಿ ಉಳಿದದ್ದು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಹೇಮಾ ರಾಯಿರ್ಕರ್ ಮತ್ತು ಗೀ ಪಾತ್ವಾಂ ಮುಂದೆ ಕೈಗೊಂಡ ಸಂಗ್ರಹ, ಲಕ್ಷಕ್ಕೂ ಮಿಕ್ಕಿದ ಮರಾಠಿ ಓವಿಗಳನ್ನು, ಅಂದರೆ ಬೀಸುವಾಗಿನ ಇಂಥದೇ ಪದಗಳನ್ನು, ಹಾಡಿದವರ ಹೆಸರು, ಊರುಗಳ ಸಮೇತ ದಾಖಲಿಸಿತು. ಹಾಗೆ ದಾಖಲಾದಾಗ ಒಂದೇ ಸಾಲು ಭೂಮಿಯುಳ್ಳವಳ ಬಾಯಲ್ಲೂ ಕೂಲಿಯವಳ ಬಾಯಲ್ಲೂ ಬೇರೆ ಬೇರೆ ಅರ್ಥ ಪಡೆಯುವುದನ್ನು ಓದುಗ ಪರೀಕ್ಷಿಸಬಹುದು; ಹಲಸಂಗಿಯ ಓದುಗನಿಗೆ ಆ ಅವಕಾಶ ತೀರ ಕಡಿಮೆ.

ಹಿಟ್ಟಿನ ಗಿರಣಿ ಬಂದಾಗ ಹೆಂಗಸರು ಬೀಸುಕಲ್ಲನ್ನು ಮೂಲೆಗೆ ಸರಿಸಿದ್ದು ರಟ್ಟೆಯ ನೋವಿಗೆ ಮುಕ್ತಿ ಸಿಕ್ಕಿತೆಂಬ ಸಮಾಧಾನದಿಂದಲೇ. ಹಾಡು ಹೋಯಿತೆಂಬ ಹಳಹಳಿಕೆ ಬಹುಪಾಲು ಎಂದೂ ಬೀಸದವರದು. ಹೋದದ್ದು ಕಲ್ಲಲ್ಲ, ಗಂಡಸರ ಕಣ್ಣಳತೆಗೆ ಸಿಗದ ಆ ನಸುಕಿನ ಹೊತ್ತು. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಸ್ವಸಹಾಯ ಸಂಘಗಳ ಸಭೆಗಳು ಹೆಂಗಸರು ಸೇರುವ ಇನ್ನೊಂದು ಎಡೆಯಾದವು ನಿಜ, ಆದರೆ ಅಲ್ಲಿನ ಮೊದಲ ಮಾತು ಉಳಿತಾಯ ಮತ್ತು ಸಾಲದ ಕಂತಿನದು. ಇತ್ತ ಉತ್ಸವಗಳ ವೇದಿಕೆಯಲ್ಲಿ ಒಂದೇ ಬಣ್ಣದ ಇಳಕಲ್ ಸೀರೆಯುಟ್ಟವರು ಕಾಳಿಲ್ಲದ ಕಲ್ಲು ತಿರುಗಿಸುತ್ತ ಮೈಕಿನ ಮುಂದೆ ಹಾಡುವುದು ವಾಡಿಕೆಯಾಗಿದೆ. ಅಲ್ಲಿಗೆ ಆರಿಸಿಕೊಳ್ಳುವುದು ಹೆಚ್ಚಾಗಿ ದೇವರ ಸ್ತುತಿಯನ್ನು, ತವರಿನ ಹರಕೆಯನ್ನು. ಅತ್ತೆಯನ್ನು ಚುಚ್ಚುವ, ಗಂಡನನ್ನು ಪ್ರಶ್ನಿಸುವ ಪದಗಳು ಅಲ್ಲಿ ಅಪರೂಪವಾಗಿರುವುದರಿಂದ, ಸಾಂತ್ವನದ ಕೆಲಸವನ್ನು ಅತಿ ಹೆಚ್ಚು ಮಾಡಿದ ಸಾಲುಗಳೇ ಸಭಿಕರ ಕಿವಿಗೆ ಬೀಳುತ್ತಿಲ್ಲ.