ಸ್ಟ್ರೂವೆಯವರ ಎರಡು ಪುಟಗಳು

ಶಾಸ್ತ್ರಲೇಖನವನ್ನು ಲೇಖನವೆಂದೇ ಓದಿ ಅದರ ಗುಣದೋಷಗಳನ್ನು ತೂಗಿ ನೋಡುವ ಪದ್ಧತಿಯು ಕನ್ನಡದಲ್ಲಿ ಅಷ್ಟಾಗಿ ಬೆಳೆದಿಲ್ಲ. ಶಾಸ್ತ್ರಕ್ಕೆ ಫಲಿತಾಂಶವೇ ಮುಖ್ಯ, ರೀತಿಯ ಮಾತು ಕಾವ್ಯಕ್ಕೆ ಸೇರಿದ್ದು ಎಂಬ ಭಾವನೆಯು ವಿದ್ಯಾವಂತರಲ್ಲಿಯೂ ನೆಲೆಗೊಂಡಿರುವುದೇ ಇದಕ್ಕೆ ಕಾರಣವಾಗಿರಬಹುದು. ಆದರೆ, ಹೇಳಿದ ರೀತಿಯ ದೆಸೆಯಿಂದಲೇ ಹೇಳಿದ ವಿಷಯವು ನಾಲ್ಕು ದಶಕಗಳ ಕಾಲ ಮರೆಯಾಗಿದ್ದಿತೋ ಎಂಬ ಶಂಕೆಯನ್ನು ಹುಟ್ಟಿಸತಕ್ಕ ಲೇಖನವೊಂದುಂಟು. ಆಟೋ ಸ್ಟ್ರೂವೆಯವರು ೧೯೫೨ರಲ್ಲಿ ‘ದಿ ಅಬ್ಸರ್ವೇಟರಿ’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಆ ಲೇಖನವು ಎರಡೇ ಪುಟಗಳದು. ಅನ್ಯನಕ್ಷತ್ರಗಳ ಗ್ರಹಗಳನ್ನು ಕುರಿತು ಬರೆಯುವವರೆಲ್ಲರೂ ಇಂದು ಅದನ್ನು ಹೆಸರಿಸುವರು. ಓದಿದವರು ಅಷ್ಟು ಮಂದಿ ಇರುವರೆಂದು ತೋರುವುದಿಲ್ಲ.

ಗ್ರಂಥಕರ್ತರು ಸಾಮಾನ್ಯರಲ್ಲ. ಅವರ ಮುತ್ತಜ್ಜ ಫ್ರೀಡ್ರಿಶ್ ಗೆಯೋರ್ಗ್ ವಿಲ್ಹೆಲ್ಮ್ ಸ್ಟ್ರೂವೆಯವರು ಅಭಿಜಿತ್ ನಕ್ಷತ್ರದ ದೂರವನ್ನು ಅಳೆದವರು; ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಜ್ಯೋತಿಶ್ಶಾಸ್ತ್ರವು ಹರಿದುಬಂದಿದ್ದಿತು. ೧೮೯೭ರಲ್ಲಿ ಖಾರ್ಕೋವಿನಲ್ಲಿ ಹುಟ್ಟಿದ ಆಟೋ ಅವರು ರಷ್ಯದ ಅಂತರ್ಯುದ್ಧದಲ್ಲಿ ಸೋತ ಪಕ್ಷದಲ್ಲಿ ಹೋರಾಡಿ, ನಿರಾಶ್ರಿತರಾಗಿ ಕಾನ್ಸ್ಟಾಂಟಿನೋಪಲ್ಲನ್ನು ಸೇರಿ, ೧೯೨೧ರಲ್ಲಿ ಅಮೆರಿಕದ ಯರ್ಕಿಸ್ ವೀಕ್ಷಣಾಲಯಕ್ಕೆ ಬಂದರು. ಮುಂದೆ ಅದರ ನಿರ್ದೇಶಕರೂ ಆದರು.

ಲೇಖನದ ವಾದವು ಸರಳವಾಗಿದೆ. ದೊಡ್ಡ ಗ್ರಹಗಳು ಸೂರ್ಯನಿಂದ ಬಹುದೂರದಲ್ಲಿರಬೇಕೆಂಬುದು ಗುರುಶನಿಗಳನ್ನು ನೋಡಿ ಬಂದ ರೂಢಿಯೇ ಹೊರತು ಪ್ರಕೃತಿಯ ಕಟ್ಟಳೆಯಲ್ಲ. ಜೋಡಿನಕ್ಷತ್ರಗಳು ಒಂದಕ್ಕೊಂದು ಅತಿ ಸಮೀಪದಲ್ಲಿ ಸುತ್ತುವುದು ಕಂಡಿರುವಾಗ, ಗ್ರಹವೊಂದು ಭೂಮಿ-ಸೂರ್ಯರ ಅಂತರದ ಐವತ್ತರಲ್ಲಿ ಒಂದು ಪಾಲಿನಷ್ಟು ಹತ್ತಿರದಲ್ಲಿ ಏಕಿರಬಾರದು? ಇದ್ದರೆ ಅದರ ವರ್ಷವು ಸುಮಾರು ಒಂದು ದಿನ. ಗುರುವಿನಷ್ಟು ತೂಕದ್ದಾದರೆ ಅದು ನಕ್ಷತ್ರವನ್ನು ಸೆಕೆಂಡಿಗೆ ೦.೨ ಕಿಲೋಮೀಟರಿನ ವೇಗದಿಂದ ಹಿಂದಕ್ಕೂ ಮುಂದಕ್ಕೂ ತೂಗಾಡಿಸುವುದು. ವರ್ಣಪಟದಲ್ಲಿ ಅದು ತೋರಬೇಕು. ‘ಏಕಿರಬಾರದು’ ಎಂಬ ಈ ಪ್ರಶ್ನೆಯೇ ಲೇಖನದ ಜೀವ. ಇದನ್ನು ಕೇಳುವುದಕ್ಕೆ ಹೊಸ ಯಂತ್ರವಾಗಲಿ ಹೊಸ ಗಣಿತವಾಗಲಿ ಬೇಕಾಗಿರಲಿಲ್ಲ. ಕೆಪ್ಲರನ ಮೂರನೆಯ ನಿಯಮವೇ ಸಾಕಾಗಿದ್ದಿತು.

ಗ್ರಹಣದ ಮಾತು ಬರುವುದು ಇದಾದ ಮೇಲೆ. ಗ್ರಹವು ನಕ್ಷತ್ರಬಿಂಬದ ಮುಂದೆ ಹಾಯುವಾಗ ಕಾಂತಿಯು ಕುಂದುವುದು, ದಾಟಿದೊಡನೆ ಮೊದಲಿನಂತಾಗುವುದು. ಕುಂದು ಮರುಕಳಿಸುವ ಅವಧಿಯಿಂದ ಕಕ್ಷೆಯೂ, ಕುಂದಿದ ಪ್ರಮಾಣದಿಂದ ಗ್ರಹದ ಗಾತ್ರವೂ ತಿಳಿಯುವುವು. ಗುರುವಿನ ಹತ್ತರಷ್ಟು ತೂಕದ ಗ್ರಹಕ್ಕೆ ಬಿಂಬದ ಸುಮಾರು ೧/೫೦ ಭಾಗವು ಮುಚ್ಚಿಹೋಗುವುದೆಂದೂ, ಕಾಂತಿಮಾನದಲ್ಲಿ ೦.೦೨ರಷ್ಟಾಗುವ ಈ ನಷ್ಟವನ್ನು ದ್ಯುತಿವಿದ್ಯುತ್ ಮಾಪಕದಿಂದ ಅಳೆಯಬಹುದೆಂದೂ ಸ್ಟ್ರೂವೆಯವರು ಬರೆಯುವರು. ಇಷ್ಟಕ್ಕೆ ಅವರು ಬಳಸಿರುವುದು ಕೆಲವೇ ವಾಕ್ಯಗಳನ್ನು. ಶೀರ್ಷಿಕೆಯಲ್ಲಂತೂ ನಕ್ಷತ್ರಗಳ ವೇಗಮಾಪನದ ಹೊರತು ಬೇರೇನೂ ಇಲ್ಲ. ಗ್ರಹವೆಂಬ ಶಬ್ದವೇ ಅಲ್ಲಿ ಕಾಣದು. ಮನೆಯ ಹಿರಿಯ ಮಗನನ್ನು ಹಿತ್ತಿಲ ಬಾಗಿಲಿನಿಂದ ಸಭೆಗೆ ಕರೆತಂದಂತಾಯಿತು.

ದೋಷಗಳು ಇನ್ನೂ ಉಂಟು. ಹಂಸಪುಂಜದ ೬೧ನೆಯ ನಕ್ಷತ್ರಕ್ಕೆ ಗ್ರಹಸದೃಶವಾದ ಸಂಗಾತಿಯುಂಟೆಂಬ ಸ್ಟ್ರಾಂಡರ ಶೋಧವನ್ನು ಲೇಖನವು ಪ್ರೇರಣೆಯಾಗಿ ಹಿಡಿಯುವುದು; ಆ ಶೋಧವು ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಗ್ರಹವು ನಕ್ಷತ್ರಕ್ಕಿಂತ ಐದರಷ್ಟು ಸಾಂದ್ರವಾಗಿರುವುದೆಂದು ಎಣಿಸಿದ್ದೂ ಊಹೆಯೇ. ಅದನ್ನು ಊಹೆಯೆಂದು ಸ್ಟ್ರೂವೆಯವರೇ ಒಪ್ಪಿರುವರಾದ್ದರಿಂದ ಹೆಚ್ಚು ಜಗ್ಗುವಂತಿಲ್ಲ. ಗಂಭೀರವಾದ ಲೋಪವು ಬೇರೆ. ವೇಗದ ಲೆಕ್ಕವು ಕಕ್ಷೆಯ ಓರೆಯನ್ನು ಅವಲಂಬಿಸಿದೆಯೆಂದು ಎಚ್ಚರಿಸುವ ಲೇಖಕರು, ಗ್ರಹಣದ ಎಡೆಗೆ ಬಂದಾಗ ಅದೇ ಎಚ್ಚರವನ್ನು ಬಿಟ್ಟು, ಗ್ರಹಣವು ಆಗಿಯೇ ಆಗುವುದೆಂಬ ಧಾಟಿಯಲ್ಲಿ ಮುಂದುವರಿಯುವರು. ಓರೆಯಾದ ಕಕ್ಷೆಯಲ್ಲಿ ವೇಗವು ತಗ್ಗಿ ತೋರುವುದಷ್ಟೆ. ಗ್ರಹಣವಾದರೋ ಇಲ್ಲವೇ ಆಗುವುದು. ಸ್ಟ್ರೂವೆಯವರು ಕಲ್ಪಿಸಿದ ಅತಿ ಸಮೀಪದ ಗ್ರಹಕ್ಕೂ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿನ ಸಂಭವವಿಲ್ಲ. ಭೂಮಿಯಷ್ಟು ದೂರದ ಗ್ರಹಕ್ಕೆ ಇನ್ನೂರರಲ್ಲಿ ಒಂದೇ.

ಈ ಒಂದು ಗುಣಾಕಾರವನ್ನು ಬರೆದಿದ್ದರೆ ಲೇಖನದ ಗತಿ ಏನಾಗುತ್ತಿದ್ದಿತು? ಇಂದು ತಿಳಿದಿರುವಂತೆ, ಸೂರ್ಯನಂಥ ನಕ್ಷತ್ರಗಳಲ್ಲಿ ನೂರಕ್ಕೆ ಒಂದರ ಬಳಿಯೂ ಇಂಥ ‘ಬಿಸಿ ಗುರು’ ಇರುವುದು ದುರ್ಲಭ. ಇದ್ದವುಗಳಲ್ಲಿ ಹತ್ತಕ್ಕೆ ಒಂದು ಮಾತ್ರ ನಮ್ಮ ದೃಷ್ಟಿಗೆ ಅಡ್ಡಬರುವುದು. ಎಂದರೆ ಸಾವಿರಾರು ನಕ್ಷತ್ರಗಳನ್ನು ಎಡೆಬಿಡದೆ ಕಾಯಬೇಕು. ೧೯೫೨ರ ಮಾಪಕವು ಒಂದು ಸಲಕ್ಕೆ ಒಂದೇ ನಕ್ಷತ್ರವನ್ನು ನೋಡತಕ್ಕದ್ದು. ಆದುದರಿಂದ ಸ್ಟ್ರೂವೆಯವರ ಮಾತನ್ನು ಕೇಳದ ಜಗತ್ತು ಕುರುಡಾಗಿದ್ದಿತೆಂದು ಈಚಿನ ಪ್ರಶಂಸಕರು ಹಳಿಯುವುದು ಗ್ರಹಣದ ಮಟ್ಟಿಗೆ ಅನ್ಯಾಯ. ವೇಗಮಾಪನದ ಮಟ್ಟಿಗೆ ಆ ಹಳಿತವು ಸ್ವಲ್ಪ ಸಲ್ಲುವುದು. ಇನ್ನು ಅವರೇ ಮೊದಲಿಗರೆಂಬುದೂ ಸರಿಯಲ್ಲ. ಸಂಕ್ರಮಣದ ಸೂಚನೆಯನ್ನು ಬೆಲೊರಿಜ್ಕಿಯವರು ೧೯೩೮ರಲ್ಲಿಯೇ ಫ್ರೆಂಚಿನಲ್ಲಿ ಬರೆದಿದ್ದರು.

ಮುಂದಿನ ಕಥೆಯು ಲೇಖನಕ್ಕೆ ಬರೆದ ಭಾಷ್ಯದಂತಿದೆ. ಮೇಯರ್ ಮತ್ತು ಕೆಲೋ ಅವರು ೧೯೯೫ರಲ್ಲಿ ೫೧ ಪೆಗಾಸಿಯ ಗ್ರಹವನ್ನು ವೇಗಮಾಪನದಿಂದಲೇ ಕಂಡರು; ಅದರ ವರ್ಷವು ನಾಲ್ಕು ದಿನಗಳಿಗೆ ತುಸು ಹೆಚ್ಚು. ೧೯೯೯ರಲ್ಲಿ ಚಾರ್ಬನೋ ಮತ್ತು ಸಂಗಡಿಗರು ಹತ್ತು ಸೆಂಟಿಮೀಟರಿನ ಪುಟ್ಟ ದೂರದರ್ಶಕದಿಂದ ‘ಎಚ್‌ಡಿ ೨೦೯೪೫೮’ ಎಂಬ ನಕ್ಷತ್ರವು ಮೂರು ಗಂಟೆಗಳ ಕಾಲ ನೂರಕ್ಕೆ ಒಂದೂವರೆ ಪಾಲಿನಷ್ಟು ಮಂಕಾಗುವುದನ್ನು ಅಳೆದರು. ಅದೇ ವರ್ಷ ಹೆನ್ರಿ ಮತ್ತು ಸಂಗಡಿಗರೂ ಸ್ವತಂತ್ರವಾಗಿ ಇದನ್ನು ಕಂಡರು. ಸ್ಟ್ರೂವೆಯವರ ೧/೫೦ಕ್ಕೆ ಇದು ಎಷ್ಟು ಸಮೀಪ! ಆದರೆ ಕಾರಣವು ವಿಪರೀತವಾದುದು: ಈ ಗ್ರಹವು ಅವರೆಣಿಸಿದಂತೆ ಭಾರವೂ ಸಾಂದ್ರವೂ ಆದುದಲ್ಲ, ನೀರಿಗಿಂತಲೂ ಹಗುರವಾಗಿ ಉಬ್ಬಿದುದು.

ಸ್ಟ್ರೂವೆಯವರು ಬಿಟ್ಟ ಗುಣಾಕಾರವನ್ನು ಮಾಡಿದವರು ವಿಲಿಯಂ ಬೊರುಕಿ. ಸೂರ್ಯನ ಮುಂದೆ ಭೂಮಿಯು ಹಾಯ್ದರೆ ಮರೆಯಾಗುವುದು ಬಿಂಬದ ಹನ್ನೆರಡು ಸಾವಿರದಲ್ಲಿ ಒಂದು ಪಾಲು. ದೀಪೋತ್ಸವದ ಹನ್ನೆರಡು ಸಾವಿರ ಹಣತೆಗಳಲ್ಲಿ ಒಂದು ನಂದಿದಂತೆ. ಇದನ್ನು ಅಳೆಯಬಹುದೆಂದು ೧೯೮೪ರಿಂದ ಬರೆಯುತ್ತ ಬಂದ ಅವರ ಯೋಜನೆಯನ್ನು ನಾಸಾ ಸಂಸ್ಥೆಯು ನಾಲ್ಕು ಸಲ ನಿರಾಕರಿಸಿ, ೨೦೦೧ರಲ್ಲಿ ಒಪ್ಪಿಕೊಂಡಿತು. ೨೦೦೯ರಲ್ಲಿ ಮೇಲೇರಿದ ಕೆಪ್ಲರ್ ದೂರದರ್ಶಕವು ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ಏಕಕಾಲದಲ್ಲಿ ಕಾದು, ೨೦೧೮ರಲ್ಲಿ ನಿಂತುಹೋಗುವಷ್ಟರಲ್ಲಿ ೨,೬೦೦ಕ್ಕೂ ಮಿಕ್ಕಿದ ಗ್ರಹಗಳನ್ನು ಕಾಣಿಸಿಕೊಟ್ಟಿತು. ಕಾಂತಿಮಾಪನದಿಂದ ಮಸುಕಾದ ನಕ್ಷತ್ರಗಳನ್ನೂ ಪರೀಕ್ಷಿಸಬಹುದೆಂದು ಸ್ಟ್ರೂವೆಯವರು ಗ್ರಹಣದ ಪ್ರಸ್ತಾಪದ ಕಡೆಯಲ್ಲಿ ಹೇಳಿ ಬಿಟ್ಟಿದ್ದರಷ್ಟೆ. ಕೆಪ್ಲರಿನ ಬಲವೆಲ್ಲವೂ ಆ ಮಾತಿನಲ್ಲಿ ಅಡಗಿದ್ದಿತು. ೧೯೬೩ರಲ್ಲಿ ತೀರಿಕೊಂಡ ಅವರು ಇದಾವುದನ್ನೂ ಕಾಣಲಿಲ್ಲ.

ಈ ಎರಡು ಪುಟಗಳು ಕನ್ನಡಕ್ಕೆ ಬರತಕ್ಕವು. ೧೮೭೪ರ ಶುಕ್ರಸಂಕ್ರಮಣದ ಕಾಲಕ್ಕೆ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಹೊರಡಿಸಿದ ಪುಸ್ತಿಕೆಯು ಕನ್ನಡದಲ್ಲಿಯೂ ಅಚ್ಚಾಗಿದ್ದಿತು. ಸಂಕ್ರಮಣವನ್ನು ವಿವರಿಸುವ ಶಕ್ತಿ ಈ ಭಾಷೆಗೆ ಹೊಸದಲ್ಲ. ಭಾಷಾಂತರಕಾರರು ಶೀರ್ಷಿಕೆಯಲ್ಲಿ ಗ್ರಹವೆಂಬ ಶಬ್ದವನ್ನು ಸೇರಿಸಿ, ಗ್ರಹಣದ ವಾಕ್ಯಗಳ ಕೆಳಗೆ ಕಕ್ಷೆಯ ಓರೆಯನ್ನು ಕುರಿತು ಅಡಿಟಿಪ್ಪಣಿಯೊಂದನ್ನು ಕೊಡತಕ್ಕದ್ದು.